ಕಿಲಿಮಂಜಾರೋ ಹತ್ತಿ ಸಫಾರಿಯನ್ನೂ ಮಾಡಲು ಬೇಸಿಗೆ ರಜೆ ಒಳ್ಳೆಯದಾ, ದಸರಾ ರಜೆಯಾ?

ಸಾಗರದ ಟೀಚರ್:

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಟೀಚರ್ ನಾನು. ವಯಸ್ಸು 44. ಆಫ್ರಿಕಾ ಖಂಡದ ಪಾಠ ಬಂದಾಗಲೆಲ್ಲ ನಕ್ಷೆಯಲ್ಲಿ ಟಾಂಜಾನಿಯಾದ ಕಿಲಿಮಂಜಾರೋ ಪರ್ವತದ ಮೇಲೆ ಬೆರಳಿಟ್ಟು ಮಕ್ಕಳಿಗೆ ತೋರಿಸುತ್ತೇನೆ. ಒಂದು ಸಲ ಹೋಗಿ ಬರಬೇಕು ಅನ್ನುವ ಆಸೆ ತುಂಬ ಹಳೆಯದು. ಐದು ವರ್ಷದಿಂದ ಅದಕ್ಕೆಂದೇ ಚೀಟಿ ಕಟ್ಟಿ ದುಡ್ಡು ಕೂಡಿಟ್ಟಿದ್ದೇನೆ. ತಮ್ಮನೂ ಜೊತೆಗೆ ಬರುತ್ತಾನೆ. ಅಷ್ಟು ದೂರ ಹೋದ ಮೇಲೆ ಅಲ್ಲಿನ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ಪ್ರಾಣಿಗಳನ್ನೂ ನೋಡಿಕೊಂಡೇ ಬರಬೇಕು ಅಂತ ಇಬ್ಬರಿಗೂ ಇದೆ.

ಕೊಡಚಾದ್ರಿಯನ್ನು ಪ್ರತಿ ವರ್ಷ ಮಕ್ಕಳ ಜೊತೆ ಹತ್ತುತ್ತೇನೆ. ಕುಮಾರಪರ್ವತ ಎರಡು ಸಲ ಆಗಿದೆ. ಹಿಮಾಲಯದಲ್ಲಿ ಕೇದಾರಕಂಠ ಒಂದು ಸಲ. ಅಲ್ಲಿ ತಲೆನೋವು ಬಂದಿತ್ತು, ಆದರೂ ತುದಿ ಮುಟ್ಟಿದೆ.

ನನ್ನ ತೊಂದರೆ ಇರುವುದು ರಜೆಯದ್ದು. ಏಪ್ರಿಲ್-ಮೇ ಬೇಸಿಗೆ ರಜೆ, ಇಲ್ಲದಿದ್ದರೆ ದಸರಾ ರಜೆ. ಬೇರೆ ದಾರಿ ಇಲ್ಲ. ಒಬ್ಬ ಟೂರ್ ಏಜೆಂಟ್ ಏಪ್ರಿಲ್‌ನಲ್ಲೇ ಹೋಗಿ ಅನ್ನುತ್ತಿದ್ದಾರೆ. ಜನ ಕಡಿಮೆ, ರೇಟೂ ಕಡಿಮೆಯಂತೆ. ನನಗೂ ಬೇಸಿಗೆ ರಜೆ ಉದ್ದ ಇರುತ್ತದೆ, ಆರಾಮಾಗಿ ಹೋಗಿ ಬರಬಹುದು ಅನ್ನಿಸಿದೆ. ಮುಂಗಡ ಕೊಡುವ ಮೊದಲು ಹೋಗಿ ಬಂದವರನ್ನು ಕೇಳೋಣ ಅಂತ ಬರೆದೆ. ಮೊದಲು ಬೆಟ್ಟವೋ, ಮೊದಲು ಸಫಾರಿಯೋ, ಅದನ್ನೂ ಹೇಳಿ. ಇಬ್ಬರೂ ಸಸ್ಯಾಹಾರಿಗಳು.

ಮಂಡ್ಯ-ಮೋಶಿ:

ಮೇಡಂ, ಏಪ್ರಿಲ್ ಬೇಡ. ದಯವಿಟ್ಟು ಮುಂಗಡ ಕೊಡಬೇಡಿ.

ನಾನು ಮಂಡ್ಯದವನು. ಕಿಲಿಮಂಜಾರೋ ಬುಡದಲ್ಲಿರುವ ಮೋಶಿ ಊರಿನ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯಲ್ಲಿ 9 ವರ್ಷ ಬಾಯ್ಲರ್ ನೋಡಿಕೊಂಡಿದ್ದೆ. ಕ್ವಾರ್ಟರ್ಸ್ ಬಾಗಿಲು ತೆಗೆದರೆ ಎದುರಿಗೇ ಪರ್ವತ. ಬೆಳಿಗ್ಗೆ ಶಿಫ್ಟಿಗೆ ಹೋಗುವಾಗ ಅದರ ಅತಿ ಎತ್ತರದ ಕಿಬೋ ಶಿಖರ ಇವತ್ತು ಕಾಣುತ್ತದೋ ಇಲ್ಲವೋ ಅಂತ ತಲೆ ಎತ್ತಿ ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. ಅದಕ್ಕೇ ಅಲ್ಲಿನ ತಿಂಗಳುಗಳು ನನಗೆ ಇನ್ನೂ ಬಾಯಿಪಾಠ.

ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ಅಲ್ಲಿ ದೊಡ್ಡ ಮಳೆ. ಮಸೀಕಾ ಅನ್ನುತ್ತಾರೆ. ಆಗ ಕಬ್ಬಿನ ಗದ್ದೆಗೆ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಕಾರ್ಖಾನೆ ಕಬ್ಬು ನುರಿಸುವುದನ್ನು ನಿಲ್ಲಿಸಿ ರಿಪೇರಿ ಕೆಲಸ ಹಿಡಿಯುತ್ತದೆ. ನಮಗೆ ಬಿಸಿಲು ಸುಡುವ ತಿಂಗಳು ಅವರಿಗೆ ಕೆಸರಿನ ತಿಂಗಳು. ಜೂನ್‌ನಲ್ಲಿ ನಿಮ್ಮ ಸಾಗರದಲ್ಲಿ ಮಳೆ ಹಿಡಿದರೆ ಅಲ್ಲಿ ಮಳೆ ಬಿಡುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒಣ ಕಾಲ, ಚಳಿಯೂ ಇರುತ್ತದೆ. ನವೆಂಬರ್‌ನಿಂದ ಡಿಸೆಂಬರ್ ನಡುವಿನವರೆಗೆ ಸಣ್ಣ ಮಳೆ, ಅದು ವೂಲಿ. ಜನವರಿ, ಫೆಬ್ರವರಿ ಮತ್ತೆ ಒಣ, ಸ್ವಲ್ಪ ಬೆಚ್ಚಗೆ.

ಇದೆಲ್ಲ ಗೊತ್ತಿದ್ದೂ ನಾನು ಒಂದು ಸಲ ಏಪ್ರಿಲ್‌ನಲ್ಲಿ ಹತ್ತಿದೆ. ಊರಿಂದ ದೊಡ್ಡಪ್ಪನ ಮಗ ಬಂದಿದ್ದ. ಅವನಿಗೂ ನಿಮ್ಮ ಹಾಗೆ ಬೇಸಿಗೆ ರಜೆಯೇ ಸಿಕ್ಕಿದ್ದು. ಮಚಾಮೆ ದಾರಿ ಹಿಡಿದೆವು. ಮೊದಲ ದಿನ ಕಾಡಿನಲ್ಲಿ ಕೆಸರು ಬೂಟು ದಾಟಿ ಮೀನಖಂಡಕ್ಕೆ ಬಂತು. ಎರಡನೇ ದಿನ ಶಿರಾ ಬಯಲಿನಲ್ಲಿ ಮಲಗುವ ಚೀಲ ತೊಯ್ದುಹೋಯಿತು. ಮೂರನೇ ದಿನ ಲಾವಾ ಟವರ್ ಹತ್ತಿರ, ಸುಮಾರು 4,600 ಮೀಟರ್ ಎತ್ತರದಲ್ಲಿ, ಮಳೆಯೇ ಹಿಮವಾಯಿತು. ಒದ್ದೆ ಬಟ್ಟೆ ಅಲ್ಲಿ ಒಣಗುವುದೇ ಇಲ್ಲ. ಎತ್ತರಕ್ಕಿಂತ ಆ ಒದ್ದೆ ನಮ್ಮನ್ನು ಸೋಲಿಸಿತು. ಬರಾಂಕೋ ಕ್ಯಾಂಪಿನಿಂದ ವಾಪಸ್ಸು ಇಳಿದೆವು. ನಾಲ್ಕು ದಿನದಲ್ಲಿ ಶಿಖರ ಒಂದು ಸಲವೂ ಕಾಣಲಿಲ್ಲ. ಆಮೇಲೆ ಸಫಾರಿಗೆ ಹೋದರೆ ಎರೆಮಣ್ಣಿನಲ್ಲಿ ಗಾಡಿ ಹೂತು ಅರ್ಧ ದಿನ ಹೋಯಿತು. ನಮ್ಮ ಕಡೆಯ ಕಪ್ಪು ಮಣ್ಣು ಮಳೆಗೆ ಹೇಗೆ ಅಂಟುತ್ತದೋ ಹಾಗೆಯೇ. ದೊಡ್ಡಪ್ಪನ ಮಗ ಹೊಲ ಮಾರಿದ ದುಡ್ಡಿನಲ್ಲಿ ಸ್ವಲ್ಪ ಎತ್ತಿಟ್ಟು ಬಂದಿದ್ದ. ಆ ಬೇಜಾರು ನನಗೆ ಇವತ್ತಿಗೂ ಹೋಗಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ರೇಟು ಕಡಿಮೆ ಅನ್ನುವ ಮಾತಿಗೂ ಒಂದು ಲೆಕ್ಕ ಇದೆ. ಪರ್ವತದ ಮೇಲೆ ಉದ್ಯಾನದ ಶುಲ್ಕ, ಟೆಂಟಿನ ಶುಲ್ಕ ಸೇರಿದರೆ ಒಬ್ಬರಿಗೆ ದಿನಕ್ಕೆ 100 ಡಾಲರ್ ದಾಟುತ್ತದೆ. ಅದು ಸರ್ಕಾರಕ್ಕೆ ಕಟ್ಟುವ ದುಡ್ಡು. ಏಜೆಂಟ್ ಅದರಲ್ಲಿ ಒಂದು ಪೈಸೆ ಇಳಿಸಲಾರ. ಹಾಗಾದರೆ ಇಳಿಸುವುದು ಎಲ್ಲಿಂದ? ದಿನ ಕಡಿಮೆ ಮಾಡಿ, ಊಟ ಕಡಿಮೆ ಮಾಡಿ, ಸಾಮಾನು ಹೊರುವ ಹುಡುಗರ ಕೂಲಿ ಕಡಿಮೆ ಮಾಡಿ. ಮಳೆಯಲ್ಲಿ ಹರಿದ ಶೂ ಹಾಕಿಕೊಂಡು ತಲೆ ಮೇಲೆ 20 ಕೆಜಿ ಹೊತ್ತು ನಡೆಯುವವರನ್ನು ನಾನು ನೋಡಿದ್ದೇನೆ. ಈ ಕೂಲಿಗಾರರ ಪರವಾಗಿ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅಂತ ಒಂದು ಸಂಸ್ಥೆ ಮೋಶಿಯಲ್ಲಿದೆ. ಸರಿಯಾಗಿ ಕೂಲಿ ಕೊಡುವ ಕಂಪನಿಗಳ ಪಟ್ಟಿ ಅವರ ಹತ್ತಿರ ಇರುತ್ತದೆ. ಅದನ್ನು ನೋಡಿ ಆರಿಸಿಕೊಳ್ಳಿ.

ನಿಮಗೆ ದಸರಾ ರಜೆಯೇ ಸರಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಎರಡು ಮೂರು ವಾರ. ಒಣ ಕಾಲದ ಕೊನೆ ಭಾಗ ಅದು. ಜುಲೈ-ಆಗಸ್ಟ್‌ನಲ್ಲಿ ಯುರೋಪು, ಅಮೆರಿಕದ ರಜೆ ಜನ ತುಂಬಿರುತ್ತಾರೆ, ಅಷ್ಟು ಗದ್ದಲ ಆಗ ಇರುವುದಿಲ್ಲ. ದಾರಿ ಒಣಗಿ ಧೂಳಾಗಿರುತ್ತದೆ, ಮೂಗಿಗೆ ಕಟ್ಟಲು ಒಂದು ಬಟ್ಟೆ ಬೇಕು. ನಾನು ತುದಿ ಮುಟ್ಟಿದ್ದು ಅಕ್ಟೋಬರ್‌ನಲ್ಲೇ, ಲೆಮೋಶೋ ದಾರಿಯಲ್ಲಿ, 8 ದಿನ. ಇಷ್ಟು ಮಾತ್ರ ನೋಡಿಕೊಳ್ಳಿ: ದಸರಾ ತೀರಾ ತಡವಾಗಿ, ಅಕ್ಟೋಬರ್ ಕೊನೆಗೆ ಬರುವ ವರ್ಷವಾದರೆ ಸಣ್ಣ ಮಳೆ ಬೇಗ ಶುರುವಾಗಬಹುದು. ಆಗ ಉತ್ತರ ಮಗ್ಗುಲಿನ ರೊಂಗಾಯ್ ದಾರಿ ಹಿಡಿಯಿರಿ. ಮೋಡಗಳು ದಕ್ಷಿಣದ ಇಳಿಜಾರಿನಲ್ಲೇ ಜಾಸ್ತಿ ಸುರಿಸಿಬಿಡುತ್ತವೆ, ಆ ಕಡೆ ಒಣ.

ಸಫಾರಿ ಬಗ್ಗೆ. ಅಕ್ಟೋಬರ್‌ನಲ್ಲಿ ತರಂಗೀರೆ ರಾಷ್ಟ್ರೀಯ ಉದ್ಯಾನ ಬಿಡಬೇಡಿ. ಏಪ್ರಿಲ್‌ನಲ್ಲಿ ಕಾಡಿನ ಕೆರೆಗಳೆಲ್ಲ ಬತ್ತಿ ಕಬಿನಿ ಹಿನ್ನೀರಿಗೆ ಆನೆಗಳು ಹಿಂಡು ಹಿಂಡಾಗಿ ಬರುತ್ತವಲ್ಲ, ತರಂಗೀರೆ ನದಿಗೆ ಹಾಗೆ ಬರುವುದು ಒಣ ಕಾಲದ ಕೊನೆಯಲ್ಲಿ. ಹಿಂದೆ ಬೋಳು ಬಾವೋಬಾಬ್ ಮರಗಳು, ಮುಂದೆ ಮರಳು ಅಗೆದು ನೀರು ಕುಡಿಯುವ ಆನೆಗಳು. ಅರುಷಾ ಊರಿಂದ ಎರಡು ಗಂಟೆ ದಾರಿ ಅಷ್ಟೆ. ಅಲ್ಲಿಂದ ಗೊರೊಂಗೊರೊ. ಜ್ವಾಲಾಮುಖಿ ಕುಸಿದು ಆದ ಬಟ್ಟಲು ಅದು, 600 ಮೀಟರ್ ಆಳ, ಸುಮಾರು 260 ಚದರ ಕಿಲೋಮೀಟರ್. ಒಳಗಿನ ಪ್ರಾಣಿಗಳು ವರ್ಷವಿಡೀ ಇರುತ್ತವೆ. ಆಮೇಲೆ ಎರಡು ರಾತ್ರಿ ಸೆರೆಂಗೆಟಿ ನಡುಭಾಗದ ಸೆರೊನೆರಾ.

ವಿಲ್ಡೆಬೀಸ್ಟ್ ಅನ್ನುವ, ದನದ ಹಾಗಿರುವ ಹುಲ್ಲೆಗಳ ಹಿಂಡುಗಳು ಮಾರಾ ನದಿ ದಾಟುವ ದೃಶ್ಯದ ಆಸೆ ನಿಮಗೂ ಇರಬಹುದು. ಅದು ಉತ್ತರದ ತುದಿಯಲ್ಲಿ, ಜುಲೈನಿಂದ ಅಕ್ಟೋಬರ್‌ವರೆಗೆ. ಕಾಲ ಹೊಂದುತ್ತದೆ, ದಿನ ಹೊಂದುವುದಿಲ್ಲ. ಗಾಡಿಯಲ್ಲಿ ಹೋಗಿ ಬರಲು ಇನ್ನೂ ಎರಡು ದಿನ ಬೇಕು. ಹೋದ ದಿನವೇ ಅವು ದಾಟುತ್ತವೆ ಅಂತಲೂ ಇಲ್ಲ. ನಾಲ್ಕು ದಿನದ ಸಫಾರಿಯಲ್ಲಿ ಅದರ ಹಿಂದೆ ಓಡಬೇಡಿ. ಆನೆ ನೋಡಿ.

ಮೈಸೂರು ಕ್ಯಾಮೆರಾ:

ಮಂಡ್ಯದ ಅಣ್ಣ ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ರಜೆ ಕೈಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ ಅವರಿಗೆ ಫೆಬ್ರವರಿ ಅಂತ ಹೇಳಬೇಕು.

ಜನವರಿ ಕೊನೆಯಿಂದ ಮಾರ್ಚ್ ಶುರುವಿನವರೆಗೆ ಹಿಂಡೆಲ್ಲ ಸೆರೆಂಗೆಟಿಯ ದಕ್ಷಿಣಕ್ಕೆ, ನ್ದುಟು ಬಯಲಿಗೆ ಬರುತ್ತದೆ. ಹದಿಮೂರು ಲಕ್ಷಕ್ಕೂ ಹೆಚ್ಚು ವಿಲ್ಡೆಬೀಸ್ಟ್. ಕರು ಹಾಕುವ ಕಾಲ ಅದು. ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆ ಕರುಗಳು ಹುಟ್ಟುತ್ತವೆ. ಅಲ್ಲಿಗೇ ಯಾಕೆ ಬರುತ್ತವೆ ಗೊತ್ತಾ? ಹತ್ತಿರದ ಜ್ವಾಲಾಮುಖಿಗಳ ಬೂದಿ ಸಾವಿರಾರು ವರ್ಷ ಆ ಬಯಲಿನ ಮೇಲೆ ಬಿದ್ದಿದೆ. ಓಲ್ ಡೊಯಿನ್ಯೊ ಲೆಂಗಾಯ್ ಈಗಲೂ ಆಗಾಗ ಬೂದಿ ಉಗುಳುತ್ತದೆ. ಆ ಮಣ್ಣಿನ ಗಿಡ್ಡ ಹುಲ್ಲಿನಲ್ಲಿ ಸುಣ್ಣದ ಅಂಶ, ರಂಜಕ ಜಾಸ್ತಿ. ಹಾಲೂಡುವ ತಾಯಿಗೆ ಬೇಕಾದದ್ದು ಅದೇ. ಬೂದಿ ಕೆಳಗೆ ಗಟ್ಟಿ ಪದರ ಆಗಿರುವುದರಿಂದ ಮರದ ಬೇರು ಇಳಿಯುವುದಿಲ್ಲ. ಅದಕ್ಕೇ ಬಯಲು ಬೋಳು, ಬೇಟೆಯಾಡಲು ಬರುವ ಪ್ರಾಣಿ ದೂರದಿಂದಲೇ ಕಾಣುತ್ತದೆ. ತಾಯಿ ಕೂಡ ಅದನ್ನು ನೋಡಿಯೇ ಕರು ಹಾಕುತ್ತಾಳೆ ಅನ್ನಿಸುತ್ತದೆ.

ನಾನು ಅಲ್ಲಿ ಒಂದು ಕರು ಹುಟ್ಟಿದ್ದನ್ನು ನೋಡಿದೆ. ಬಿತ್ತು, ಎದ್ದಿತು, ಮತ್ತೆ ಬಿತ್ತು. ಹತ್ತು ನಿಮಿಷವೂ ಆಗಿರಲಿಲ್ಲ, ತಾಯಿಯ ಹಿಂದೆ ಓಡುತ್ತಿತ್ತು. ಕ್ಯಾಮೆರಾ ಕೈಯಲ್ಲೇ ಇತ್ತು, ಒತ್ತುವುದು ಮರೆತುಹೋಯಿತು.

ಆಗ ಪರ್ವತವೂ ಒಣಗಿರುತ್ತದೆ, ರಾತ್ರಿ ಚಳಿ ಸ್ವಲ್ಪ ಕಡಿಮೆ. ನ್ದುಟು ಗೊರೊಂಗೊರೊ ಪಕ್ಕದಲ್ಲೇ ಇದೆ, ಗಾಡಿ ಓಡಾಟ ಉಳಿಯುತ್ತದೆ. ತರಂಗೀರೆ ಆನೆಗಳು ಮಾತ್ರ ಆಗ ಚದುರಿಹೋಗಿರುತ್ತವೆ.

ಹುಬ್ಬಳ್ಳಿ ಡಾಕ್ಟರ್:

ಟೀಚರ್, ನಾವು ಜುಲೈ ಕೊನೆಗೆ ಹೋಗಿದ್ವಿ. ಮೋಶಿಯಲ್ಲಿ ಇಳಿದ ದಿನ ಪೂರ್ತಿ ಮೋಡ. ಇಷ್ಟು ದುಡ್ಡು ಹಾಕಿ ಬಂದು ಏನೂ ಕಾಣಲ್ವಲ್ಲಾ ಅಂತ ಕಣ್ಣಲ್ಲಿ ನೀರು ಬಂತು. ಮೂರನೇ ದಿನ ಆ ಮೋಡವೆಲ್ಲ ನಮ್ಮ ಕಾಲ ಕೆಳಗೆ ಇತ್ತು. ಮೇಲೆ ನೀಲಿ ಆಕಾಶ, ದೂರದಲ್ಲಿ ಅರುಷಾ ಪಕ್ಕದ ಮೇರು ಪರ್ವತದ ತುದಿ ಒಂದೇ ದ್ವೀಪದ ಹಾಗೆ. ಕೆಳಗೆ ಮೋಡ ಕಂಡರೆ ಹೆದರಬೇಡಿ.

ಬೆಟ್ಟ ಮೊದಲು, ಸಫಾರಿ ಆಮೇಲೆ. ಎಂಟು ದಿನ ನಡೆದ ಕಾಲಿಗೆ ಗಾಡಿಯಲ್ಲಿ ಕೂತು ನೋಡುವುದೇ ವಿಶ್ರಾಂತಿ. ತಿರುವುಮುರುವು ಮಾಡಿದರೆ ಸಫಾರಿಯಲ್ಲಿ ಧೂಳು ಕುಡಿದು, ನೆಗಡಿ ಹಿಡಿಸಿಕೊಂಡು ಪರ್ವತಕ್ಕೆ ಹೋಗಬೇಕಾಗುತ್ತದೆ.

ಕೇದಾರಕಂಠದಲ್ಲಿ ತಲೆನೋವು ಬಂದಿತ್ತು ಅಂದಿರಿ. ಇದು 5,895 ಮೀಟರ್. ಕೇದಾರಕಂಠಕ್ಕಿಂತ ಎರಡು ಸಾವಿರ ಮೀಟರ್ ಹೆಚ್ಚು. 5 ದಿನದ ಪ್ಯಾಕೇಜು ಯಾರು ಹೇಳಿದರೂ ಬೇಡ. 7 ದಿನಕ್ಕಿಂತ ಕಡಿಮೆ ಆಗಲೇಬಾರದು. ಎತ್ತರದ ತೊಂದರೆ ತಡೆಯುವ ಡಯಾಮಾಕ್ಸ್ ಮಾತ್ರೆ, ಮಲೇರಿಯಾ ಮಾತ್ರೆ, ಎರಡನ್ನೂ ನಿಮ್ಮ ಡಾಕ್ಟರ ಹತ್ತಿರ ಕೂತು ಮಾತಾಡಿಯೇ ತಗೊಳ್ಳಿ. ಹಳದಿ ಜ್ವರದ ಲಸಿಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿ. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಪುಸ್ತಕ ಪಾಸ್‌ಪೋರ್ಟ್ ಜೊತೆಗೇ ಇರಲಿ. ಅಡಿಸ್ ಅಬಾಬಾ ಅಥವಾ ನೈರೋಬಿ ದಾರಿಯಲ್ಲಿ ಹೋಗುವವರಿಗೆ ಇದು ಮುಖ್ಯ.

ಇನ್ನೊಂದು, ನೀವು ಸರ್ಕಾರಿ ನೌಕರರು. ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ನಮ್ಮ ಯಜಮಾನರದ್ದು ಮೇಜಿಂದ ಮೇಜಿಗೆ ಓಡಾಡಿ ಬರೋದಕ್ಕೆ ಎರಡು ತಿಂಗಳು ಹಿಡೀತು. ಟಿಕೆಟಿಗಿಂತ ಮೊದಲು ಅರ್ಜಿ ಹಾಕಿರಿ.

ಸಾಗರದ ಟೀಚರ್:

ಮೂವರಿಗೂ ತುಂಬಾ ಧನ್ಯವಾದ. ಓದಿ ಓದಿ ತಮ್ಮನಿಗೂ ಕಳಿಸಿದೆ. ಏಪ್ರಿಲ್ ಬಿಟ್ಟೆ, ಏಜೆಂಟರಿಗೂ ಫೋನ್ ಮಾಡಿ ಹೇಳಿದೆ. ಅನುಮತಿ ವಿಷಯ ನನಗೆ ಹೊಳೆದೇ ಇರಲಿಲ್ಲ. ದಸರಾ ರಜೆ ಎರಡು ವಾರದ ಮೇಲೆ ಸ್ವಲ್ಪ ಸಿಗುತ್ತದೆ. ಮಂಡ್ಯದ ಅಣ್ಣಾ, ಅಷ್ಟರಲ್ಲಿ ಹೊಂದುತ್ತದಾ? ಊಟಕ್ಕೆ ಏನು ಮಾಡುವುದು? ತುದಿ ಮುಟ್ಟುವ ರಾತ್ರಿ ಹುಣ್ಣಿಮೆ ಇದ್ದರೆ ಚೆನ್ನ ಅಂತ ಎಲ್ಲೋ ಓದಿದೆ. ನಿಜವಾ?

ಮಂಡ್ಯ-ಮೋಶಿ:

ಹೊಂದುತ್ತದೆ ಅಕ್ಕಾ. ಹೋಗಲು ಒಂದು ದಿನ, ಬರಲು ಒಂದು ದಿನ. ಮೋಶಿಯಲ್ಲಿ ಒಂದು ರಾತ್ರಿ ನಿದ್ದೆ. ಬೆಟ್ಟಕ್ಕೆ 8 ದಿನ, ಸಫಾರಿಗೆ 4 ದಿನ. ಹದಿನೈದಾಯಿತು. ದಿನ ಸಾಲದೆ ಹೋದರೆ ಸಫಾರಿಯ ದಿನ ಕಡಿಮೆ ಮಾಡಿ, ಬೆಟ್ಟದ ದಿನ ಕಡಿಮೆ ಮಾಡಬೇಡಿ. ಇ-ವೀಸಾ ಮನೆಯಲ್ಲೇ ಕೂತು ಹಾಕಬಹುದು, 50 ಡಾಲರ್. ಪ್ಲಾಸ್ಟಿಕ್ ಕೈಚೀಲ ತರಬೇಡಿ, 2019ರಿಂದ ಅಲ್ಲಿ ನಿಷೇಧ. ತರಂಗೀರೆಯಲ್ಲಿ ಕಡು ನೀಲಿ, ಕಪ್ಪು ಬಟ್ಟೆ ಬೇಡ. ಕಚ್ಚುವ ತ್ಸೆತ್ಸೆ ನೊಣ ಆ ಬಣ್ಣಕ್ಕೇ ಮುತ್ತುತ್ತದೆ.

ಊಟದ ಚಿಂತೆ ಬಿಡಿ. ಚಪಾತಿಗೆ ಅವರೂ ಚಪಾತಿ ಅಂತಲೇ ಅನ್ನುವುದು, ಚಹಾಕ್ಕೆ ಚಾಯ್, ಗಾಡಿಗೆ ಗಾರಿ. ಅನ್ನ, ಹುರುಳಿಕಾಯಿಯ ಬೀಜದ ಸಾರು, ಸೊಪ್ಪು, ಬಾಳೆಕಾಯಿ ಎಲ್ಲ ಸಿಗುತ್ತದೆ. ಉಗಾಲಿ ಅಂತ ಮುಸುಕಿನ ಜೋಳದ ಹಿಟ್ಟಿನ ಮುದ್ದೆ ಮಾಡುತ್ತಾರೆ. ರಾಗಿ ಮುದ್ದೆ ತಿಂದು ಬೆಳೆದ ನನಗೆ ಮೊದಲ ದಿನವೇ ಒಗ್ಗಿತು. ಎತ್ತರದಲ್ಲಿ ಹಸಿವು ಸಾಯುತ್ತದೆ. ಆಗ ನಾಲಿಗೆಗೆ ನಮ್ಮದೇ ರುಚಿ ಬೇಕು. ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಸಣ್ಣ ಡಬ್ಬಿ ತನ್ನಿ. ನಿಮ್ಮ ಕಡೆಯದ್ದಕ್ಕಿಂತ ಒಳ್ಳೆಯದು ಇಲ್ಲ.

ಹುಣ್ಣಿಮೆ ನಿಜ, ಆದರೆ ನಿಮ್ಮ ರಜೆಗೆ ಸಿಗುವುದಿಲ್ಲ. ಸೀಗೆ ಹುಣ್ಣಿಮೆ ಬರುವುದು ವಿಜಯದಶಮಿ ಆಗಿ ಐದನೇ ದಿನಕ್ಕೆ. ಅಷ್ಟು ಹೊತ್ತಿಗೆ ನಿಮ್ಮ ಶಾಲೆ ತೆರೆಯುವ ಹೊತ್ತು. ನೀವು ತುದಿಗೆ ಹೊರಡುವುದು ಹೆಚ್ಚುಕಡಿಮೆ ದುರ್ಗಾಷ್ಟಮಿ, ಆಯುಧಪೂಜೆ ಸಮಯಕ್ಕೆ. ತುದಿಗೆ ಮುಂಚಿನ ಕೊನೆಯ ಕ್ಯಾಂಪು ಬರಾಫುವಿನಿಂದ ನಡುರಾತ್ರಿ ಹೊರಟಾಗ ಚಂದ್ರ ಮುಳುಗುತ್ತಿರುತ್ತಾನೆ. ಹಣೆಗೆ ಕಟ್ಟುವ ಟಾರ್ಚಿಗೆ ಹೊಸ ಸೆಲ್ ಹಾಕಿ. ಹಳೆ ಸೆಲ್ ಚಳಿಗೆ ಬೇಗ ಸಾಯುತ್ತದೆ, ಇನ್ನೊಂದು ಜೊತೆ ಒಳಜೇಬಿನಲ್ಲಿ ಬೆಚ್ಚಗೆ ಇರಲಿ. ಗೈಡ್ ಪೋಲೆ ಪೋಲೆ ಅನ್ನುತ್ತಲೇ ಇರುತ್ತಾನೆ, ನಿಧಾನ ನಿಧಾನ ಅಂತ. ಅವನ ಮಾತು ಮೀರಬೇಡಿ.

ಮೇಲಿನ ಹಿಮನದಿಗಳನ್ನು ಹತ್ತಿರದಿಂದ ನೋಡಿ ಬನ್ನಿ. 1912ರಲ್ಲಿ ಇದ್ದದ್ದರಲ್ಲಿ ಶೇಕಡಾ 80ಕ್ಕೂ ಹೆಚ್ಚು ಈಗಾಗಲೇ ಹೋಗಿದೆ. ನಾನು ಸೇರಿದ ವರ್ಷ ಕ್ವಾರ್ಟರ್ಸ್ ಬಾಗಿಲಿಂದ ಕಾಣುತ್ತಿದ್ದ ಒಂದು ಬಿಳಿ ಪಟ್ಟಿ, ನಾನು ಬಿಡುವಾಗ ಎರಡು ತುಂಡಾಗಿತ್ತು.

ಒಂದು ಕೇಳುತ್ತೇನೆ. ಆ ರಾತ್ರಿ ಸುಸ್ತಾಗಿ ನಿಂತಾಗ ಒಂದು ಸಲ ತಿರುಗಿ ಕೆಳಗೆ ನೋಡಿ. ಮೋಡ ಇಲ್ಲದಿದ್ದರೆ ಮೋಶಿಯ ದೀಪಗಳು ಕಾಣುತ್ತವೆ. ಅದರ ಆಚೆ ಅಗಲವಾಗಿ ಕತ್ತಲು, ನಡುವೆ ಸ್ವಲ್ಪ ದೀಪ ಗುಂಪಾಗಿ ಇರುತ್ತದೆ. ಕತ್ತಲು ನಮ್ಮ ಕಬ್ಬಿನ ಗದ್ದೆ, ದೀಪ ಕಾರ್ಖಾನೆ. ಅಕ್ಟೋಬರ್‌ನಲ್ಲಿ ಕಬ್ಬು ನುರಿಸುವ ಹಂಗಾಮು, ರಾತ್ರಿಯೆಲ್ಲ ದೀಪ ಉರಿಯುತ್ತದೆ. ಕಂಡರೆ ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.