ಐಪಾಡ್ ಕ್ಲಾಸಿಕ್‌ನಿಂದ ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಸಂಪರ್ಕ: ಹೆಡ್‌ಫೋನ್ ಜಾಕ್‌ನಿಂದಲೋ, ಕೆಳಗಿನ ಡಾಕ್‌ನಿಂದಲೋ?

ಕಲ್ಸಂಕದ ಕೇಳುಗ (ಉಡುಪಿ):

ಎಲ್ಲರಿಗೂ ನಮಸ್ಕಾರ. ತಂದೆಯವರು ಬಹಳ ವರ್ಷಗಳಿಂದ ಕೂಡಿಟ್ಟಿದ್ದ ತೆಂಕುತಿಟ್ಟಿನ ಯಕ್ಷಗಾನ ಮತ್ತು ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಆಪಲ್ ಲಾಸ್‌ಲೆಸ್ ಫೈಲುಗಳಾಗಿ ಮಾಡಿ, 160 ಜಿಬಿಯ ಐಪಾಡ್ ಕ್ಲಾಸಿಕ್‌ನಲ್ಲಿ ಇಟ್ಟುಕೊಂಡಿದ್ದೇನೆ. ಈ ಮಾದರಿಯನ್ನು ಆಪಲ್ 2014ರಲ್ಲೇ ನಿಲ್ಲಿಸಿದೆ. ಆದರೂ ಇಷ್ಟೊಂದು ಪ್ರಸಂಗಗಳನ್ನು ಒಂದೇ ಕಡೆ ಇರಿಸಿ, ನಡುವೆ ಫೋನ್ ಕರೆಗಳ ಕಿರಿಕಿರಿಯಿಲ್ಲದೆ ಕೇಳಲು ನನಗೆ ಇದೇ ಅನುಕೂಲವಾಗಿದೆ.

ನನ್ನ ಹೆಡ್‌ಫೋನ್ ಸೆನ್‌ಹೈಸರ್ ಎಚ್‌ಡಿ 600. ಅದರ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 300 ಓಮ್ ಆಗಿರುವುದರಿಂದ ಐಪಾಡಿಗೆ ನೇರವಾಗಿ ಚುಚ್ಚಿದರೆ, ವಾಲ್ಯೂಮ್ ಪೂರ್ತಿ ಏರಿಸಿದರೂ ಭಾಗವತರ ಪದ್ಯ ರಂಗಸ್ಥಳದಿಂದ ದೂರ ಕುಳಿತು ಕೇಳಿದಂತಿರುತ್ತದೆ. ಅದಕ್ಕಾಗಿ ಮಂಗಳೂರಿನ ಪರಿಚಯಸ್ಥರೊಬ್ಬರು ಕಟ್ಟಿದ ಆಬ್ಜೆಕ್ಟಿವ್ 2 ವಿನ್ಯಾಸದ ಆಂಪ್ಲಿಫೈಯರನ್ನು ಕೊಂಡಿದ್ದೇನೆ. ಈಗ ನನ್ನ ಸಂದೇಹಗಳು ಹೀಗಿವೆ. ಐಪಾಡಿನ ಮೇಲ್ತುದಿಯ ಹೆಡ್‌ಫೋನ್ ಜಾಕ್‌ನಿಂದ ತಂತಿ ಎಳೆದರೆ ಸಾಕೇ, ಅಥವಾ ಕೆಳಗಿನ 30 ಪಿನ್ನಿನ ಡಾಕ್‌ನಿಂದ ಲೈನ್ ಔಟ್ (ಹೊರಗಿನ ಆಂಪ್ಲಿಫೈಯರ್‌ಗೆಂದೇ ಇರುವ ಧ್ವನಿಯ ಹೊರದಾರಿ) ತೆಗೆಯಬೇಕೇ? ಆಂಪ್ಲಿಫೈಯರ್‌ನಲ್ಲಿ ಗೇನ್, ಅಂದರೆ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದನ್ನು, ಬದಲಿಸುವ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಸದ್ದು ಜೋರಾಗುತ್ತದೆ, ಆದರೆ ಚೆಂಡೆ ಏರುವ ಕಡೆಗಳಲ್ಲಿ ಒಡೆದಂತೆ ಕೇಳುತ್ತದೆ. ಇದಲ್ಲದೆ ಐಪಾಡನ್ನು ಚಾರ್ಜ್‌ಗೆ ಹಾಕಿಕೊಂಡೇ ಕೇಳಿದರೆ ಹಿನ್ನೆಲೆಯಲ್ಲಿ ಸಣ್ಣಗೆ ಗುಂಯ್ ಎನ್ನುವ ಸದ್ದು ಬರುತ್ತದೆ. ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಸುರತ್ಕಲ್ ಸರ್ಕ್ಯೂಟ್:

ನಮಸ್ಕಾರ ಸರ್. ತಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಸಾಧ್ಯವಿದ್ದಲ್ಲೆಲ್ಲ ಡಾಕ್‌ನ ಲೈನ್ ಔಟ್ ಬಳಸಿ. ಐಪಾಡಿನ ಒಳಗೆ ಡಿಜಿಟಲ್ ಫೈಲು ಅನಲಾಗ್ ಸಂಕೇತವಾಗಿ ಮಾರ್ಪಟ್ಟ ಮೇಲೆ ಎರಡು ದಾರಿಗಳಲ್ಲಿ ಹೊರಬರುತ್ತದೆ. ಒಂದು ದಾರಿ ಒಳಗಿನ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್ ಮತ್ತು ವಾಲ್ಯೂಮ್ ನಿಯಂತ್ರಣವನ್ನು ಹಾದು ಮೇಲಿನ ಜಾಕ್‌ಗೆ ಬರುತ್ತದೆ; ಇನ್ನೊಂದು ಅವೆರಡನ್ನೂ ಬಿಟ್ಟು ನೇರವಾಗಿ 30 ಪಿನ್ನಿನ ಕನೆಕ್ಟರ್‌ಗೆ ಹೋಗುತ್ತದೆ. ಹೆಡ್‌ಫೋನನ್ನು ನುಡಿಸುವ ಹೊಣೆಯನ್ನು ಹೊರಗಿನ ಆಂಪ್ಲಿಫೈಯರ್‌ಗೆ ಒಪ್ಪಿಸಿದ ಮೇಲೆ ಒಳಗಿನದು ನಡುವೆ ಇರಬೇಕಾದ ಅಗತ್ಯವಿಲ್ಲ.

ಡಾಕ್ ಕನೆಕ್ಟರ್‌ನ 2ನೇ ಪಿನ್ ಧ್ವನಿಯ ಗ್ರೌಂಡ್ (ಎರಡೂ ಕಿವಿಗಳ ಸಂಕೇತಕ್ಕೆ ಸಾಮಾನ್ಯವಾದ ಮರುದಾರಿ), 3ನೆಯದು ಬಲಗಿವಿಯ ಲೈನ್ ಔಟ್, 4ನೆಯದು ಎಡಗಿವಿಯದು. ತಂತಿಯನ್ನು ತಾವೇ ಬೆಸೆಯುವುದಾದರೆ ಪಿನ್ನುಗಳು ತೀರ ಹತ್ತಿರ ಇರುವುದರಿಂದ ಸಪೂರ ಮೊನೆಯ ಸೋಲ್ಡರಿಂಗ್ ಐರನ್ ಬೇಕು, ಮತ್ತು ಐಪಾಡಿಗೆ ಚುಚ್ಚುವ ಮೊದಲು ಒಂದು ಪಿನ್ ಇನ್ನೊಂದಕ್ಕೆ ತಾಗಿಲ್ಲವೆಂದು ಮಲ್ಟಿಮೀಟರ್ ಹಿಡಿದು ನೋಡಲೇಬೇಕು. ಸಿದ್ಧ ತಂತಿ ಕೊಂಡರೂ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆ: ಲೈನ್ ಔಟ್‌ನ ಮಟ್ಟ ಸ್ಥಿರವಾದದ್ದು, ಐಪಾಡಿನ ಚಕ್ರ ತಿರುಗಿಸಿದರೆ ಅದು ಕಡಿಮೆಯಾಗುವುದಿಲ್ಲ. ಆದ್ದರಿಂದ ಆಂಪ್ಲಿಫೈಯರ್‌ನ ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ತಂತಿ ಜೋಡಿಸಿ, ಆಮೇಲೆ ಹೆಡ್‌ಫೋನ್ ಕಿವಿಗೇರಿಸಿ, ನಿಧಾನವಾಗಿ ಏರಿಸಬೇಕು.

ಗೇನ್ ವಿಚಾರ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಆಬ್ಜೆಕ್ಟಿವ್ 2 ವಿನ್ಯಾಸ 2011ರಲ್ಲಿ ಪ್ರಕಟವಾದದ್ದು. ಅದರ ಒಂದು ವಿಶೇಷವೆಂದರೆ ವಾಲ್ಯೂಮ್ ನಿಯಂತ್ರಣ ಇರುವುದು ಗೇನ್ ಹಂತದ ಮುಂಚೆ ಅಲ್ಲ, ಅದರ ನಂತರ. ಮೂಲ ವಿನ್ಯಾಸದಲ್ಲಿ ಗೇನ್ 2.5 ಪಟ್ಟು ಮತ್ತು 6.5 ಪಟ್ಟು ಎಂದಿದೆ. ಅಡಾಪ್ಟರ್‌ನಿಂದ ನಡೆಯುವಾಗ ಆ ಹಂತ ಸುಮಾರು 7 ವೋಲ್ಟ್‌ಗಿಂತ ಹೆಚ್ಚನ್ನು ಸ್ವಚ್ಛವಾಗಿ ಕೊಡಲಾರದು. ಹೀಗಾಗಿ 6.5 ಪಟ್ಟಿನ ಗೇನ್‌ನಲ್ಲಿ ಒಳಬರುವ ಸಂಕೇತ 1.1 ವೋಲ್ಟ್ ಆಸುಪಾಸಿಗೆ ತಲುಪಿದೊಡನೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಮತ್ತು ಈ ಹಾನಿ ವಾಲ್ಯೂಮ್‌ಗಿಂತ ಮೊದಲೇ ಆಗಿಬಿಡುವುದರಿಂದ ವಾಲ್ಯೂಮ್ ತಗ್ಗಿಸಿದರೂ ಸರಿಹೋಗುವುದಿಲ್ಲ. ಒಳಗಿನ 9 ವೋಲ್ಟ್‌ನ ಎರಡು ಬ್ಯಾಟರಿಗಳಿಂದ ನಡೆಸಿದರೆ ಈ ಮಿತಿ ಇನ್ನೂ ಕೆಳಗಿಳಿಯುತ್ತದೆ. ಚೆಂಡೆಯ ಪೆಟ್ಟು ಬಿದ್ದಾಗ ಮಾತ್ರ ಒಡೆಯುತ್ತಿರುವುದಕ್ಕೆ ಇದೇ ಕಾರಣವೆಂದು ನನ್ನ ಅಭಿಪ್ರಾಯ.

ತಮಗೆ 2.5 ಪಟ್ಟು ಸಾಕು. ತಯಾರಕರ ವಿವರಪಟ್ಟಿಯ ಪ್ರಕಾರ ಎಚ್‌ಡಿ 600 ಒಂದು ವೋಲ್ಟ್‌ಗೆ 97 ಡೆಸಿಬೆಲ್ ಕೊಡುತ್ತದೆ. 2.5 ಪಟ್ಟು ಎಂದರೆ 8 ಡೆಸಿಬೆಲ್ ಹೆಚ್ಚಳ. ಒಂದು ವೋಲ್ಟ್ ಒಳಗೆ ಬಂದರೆ ಕಿವಿಯ ಬಳಿ 105 ಡೆಸಿಬೆಲ್ ತನಕ ಹೋಗಬಹುದು, ಅದಕ್ಕೆ ಬೇಕಾಗುವ ವಿದ್ಯುತ್ತು ಬರೇ 21 ಮಿಲಿವ್ಯಾಟ್. ಇಷ್ಟರ ಮೇಲೂ ಕೆಲವು ಪ್ರಸಂಗಗಳು ಮೆಲ್ಲಗೆ ಕೇಳಿದರೆ ಅವುಗಳನ್ನು ಇಳಿಸಿಕೊಳ್ಳುವಾಗ ಮಟ್ಟ ಕಡಿಮೆ ಇತ್ತೆಂದು ಅರ್ಥ. ಅದನ್ನು ಕಂಪ್ಯೂಟರಿನಲ್ಲೇ ಏರಿಸಿ ಫೈಲು ಉಳಿಸಿಕೊಳ್ಳಬೇಕು, ಗೇನ್ ಗುಂಡಿಯಿಂದ ಅಲ್ಲ. ಆಂಪ್ಲಿಫೈಯರ್ ಕಟ್ಟಿದವರು ರೆಸಿಸ್ಟರ್‌ಗಳನ್ನು ಬದಲಿಸಿ ಗೇನ್ ಬೇರೆ ಮಾಡಿರಲೂಬಹುದು, ಅವರನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಬಿಜೈ ನಿವಾಸಿ (ಮಂಗಳೂರು):

ಮೇಲಿನ ವಿವರಣೆಯಲ್ಲಿ ಗೇನ್ ಕುರಿತ ಭಾಗವನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಹೆಡ್‌ಫೋನ್ ಜಾಕ್ ಅನ್ನು ಇಷ್ಟು ಬೇಗ ತಳ್ಳಿಹಾಕುವುದು ಸರಿಯಲ್ಲ. ಎರಡು ಬಾರಿ ವರ್ಧಿಸಿದರೆ ಧ್ವನಿ ಕೆಡುತ್ತದೆ ಎಂಬ ಮಾತನ್ನು ಅನೇಕರು ಹೇಳುತ್ತಾರೆ. ಎಷ್ಟು ಕೆಡುತ್ತದೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಕೊಡುವುದಿಲ್ಲ. ಪ್ಲೇಯರ್‌ನ ಹೆಡ್‌ಫೋನ್ ಹಂತಕ್ಕೆ ಕಷ್ಟವಾಗುವುದು 16 ಅಥವಾ 32 ಓಮ್‌ನ ಇಯರ್‌ಫೋನಿಗೆ ವಿದ್ಯುತ್ತು ಕೊಡುವಾಗ. ಆಂಪ್ಲಿಫೈಯರ್‌ನ ಇನ್‌ಪುಟ್ ಇಂಪೀಡೆನ್ಸ್ ಸಾಮಾನ್ಯವಾಗಿ 10,000 ಓಮ್ ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಅಂದರೆ ಜಾಕ್‌ನ ಮೇಲೆ ಹೊರೆಯೇ ಇಲ್ಲ ಎನ್ನಬಹುದು, ಮತ್ತು ಹೊರೆಯಿಲ್ಲದಾಗ ಆ ಹಂತ ತನ್ನ ಅತ್ಯುತ್ತಮ ಸ್ಥಿತಿಯಲ್ಲಿ ಕೆಲಸ ಮಾಡುತ್ತದೆ.

ಪ್ರಶ್ನೆ ಕೇಳಿದವರು ಕೇಳುತ್ತಿರುವುದು ಕ್ಯಾಸೆಟ್ಟಿನಿಂದ ಇಳಿಸಿದ ಧ್ವನಿ ಎಂಬುದನ್ನೂ ಗಮನಿಸಬೇಕು. ಡಾಲ್ಬಿ (ಸುಂಯ್ ಸದ್ದು ತಗ್ಗಿಸುವ ವ್ಯವಸ್ಥೆ) ಇಲ್ಲದ ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಸಂಕೇತಕ್ಕೂ ಹಿನ್ನೆಲೆಯ ಸುಂಯ್ ಸದ್ದಿಗೂ ಇರುವ ಅಂತರ 50 ಡೆಸಿಬೆಲ್ ಆಸುಪಾಸು. 16 ಬಿಟ್‌ನ ಡಿಜಿಟಲ್ ಫೈಲಿನಲ್ಲಿ ಅದು 96. ಜಾಕ್‌ನ ಹಂತ ಸೇರಿಸುವ ಅಲ್ಪಸ್ವಲ್ಪ ಸದ್ದು ಕ್ಯಾಸೆಟ್ಟಿನ ಸುಂಯ್‌ನ ಅಡಿಯಲ್ಲೇ ಹೂತುಹೋಗುತ್ತದೆ. ಸಂದೇಹವಿದ್ದರೆ ಹೀಗೆ ಪರೀಕ್ಷಿಸಬಹುದು: ತಾವು ಸಾಮಾನ್ಯವಾಗಿ ಕೇಳುವ ವಾಲ್ಯೂಮ್‌ನಲ್ಲಿ ಪ್ರಸಂಗ ಹಾಕಿ, ನಡುವೆ ಪಾಸ್ ಒತ್ತಿ. ಸುಂಯ್ ಸದ್ದು ನಿಂತುಹೋದರೆ ಅದು ಕ್ಯಾಸೆಟ್ಟಿನದು, ನಿಲ್ಲದೆ ಉಳಿದರೆ ಉಪಕರಣದ್ದು.

ಜಾಕ್‌ನಿಂದ ತೆಗೆಯುವಾಗ ಪಾಲಿಸಬೇಕಾದದ್ದು ಇಷ್ಟೇ. ಎರಡೂ ತುದಿಯಲ್ಲಿ 3.5 ಮಿಲಿಮೀಟರಿನ ಸ್ಟೀರಿಯೋ ಪಿನ್ ಇರುವ ಗಿಡ್ಡ ತಂತಿ ಸಾಕು. ದುಬಾರಿ ತಂತಿಯಿಂದ ಧ್ವನಿ ಬದಲಾಗುತ್ತದೆಂದು ನಂಬಿ ಹಣ ಸುರಿಯಬೇಡಿ. ಐಪಾಡಿನ ಈಕ್ವಲೈಸರ್ ಆಫ್ ಇರಲಿ, ಏಕೆಂದರೆ ಬಾಸ್ ಏರಿಸುವ ಆಯ್ಕೆಗಳು ಅಲೆಯನ್ನು ಒಳಗೇ ಒಡೆಯುತ್ತವೆ. ವಾಲ್ಯೂಮ್ ಮಿತಿಯನ್ನು ತೆಗೆದುಹಾಕಿ, ಐಪಾಡಿನ ವಾಲ್ಯೂಮನ್ನು ಪೂರ್ತಿಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿ, ಉಳಿದ ಏರಿಳಿತವನ್ನೆಲ್ಲ ಆಂಪ್ಲಿಫೈಯರ್‌ನಲ್ಲೇ ಮಾಡಿ. ಸ್ಯಾನ್‌ಸಾ ಕ್ಲಿಪ್‌ನಂಥ, ಲೈನ್ ಔಟ್ ಇಲ್ಲವೇ ಇಲ್ಲದ ಪ್ಲೇಯರ್‌ಗಳಲ್ಲಿ ಇದೊಂದೇ ದಾರಿ, ಅದರಿಂದಲೂ ಧ್ವನಿ ಚೆನ್ನಾಗಿಯೇ ಬರುತ್ತದೆ.

ಸುರತ್ಕಲ್ ಸರ್ಕ್ಯೂಟ್:

ಕ್ಯಾಸೆಟ್ಟಿನ ಮಟ್ಟಿಗೆ ಬಿಜೈಯವರ ವಾದ ನ್ಯಾಯವಾದದ್ದು. ಆದರೂ ಲೈನ್ ಔಟ್‌ಗೆ ನಾನು ಒತ್ತು ಕೊಡುವುದು ಅದರ ಮಟ್ಟ ಎಂದೂ ಬದಲಾಗುವುದಿಲ್ಲ ಎಂಬ ಕಾರಣಕ್ಕೆ. ಜೇಬಿನಲ್ಲಿದ್ದಾಗ ಚಕ್ರ ತಿರುಗಿ ಮಟ್ಟ ಏರುಪೇರಾಗುವ ಚಿಂತೆ ಇಲ್ಲ. ನಾಳೆ ಅದೇ ಐಪಾಡಿನಲ್ಲಿ ಸಿಡಿಯಿಂದ ತೆಗೆದ ವೀಣೆಯನ್ನೋ ಕೊಳಲನ್ನೋ ಕೇಳಿದರೆ ಅಲ್ಲಿ ಹಿನ್ನೆಲೆಯ ಮೌನಕ್ಕೂ ಬೆಲೆ ಇದೆ.

ಚಾರ್ಜ್‌ನ ಗುಂಯ್ ಸದ್ದಿಗೆ ಎರಡು ಮೂಲಗಳಿರಬಹುದು. ಎರಡು ಪಿನ್ನಿನ ಚಾರ್ಜರ್‌ಗಳಿಂದ ಅತ್ಯಲ್ಪ ಪ್ರಮಾಣದ ಸೋರಿಕೆ ವಿದ್ಯುತ್ತು ಹೊರಬರುತ್ತದೆ. ಚಾರ್ಜ್ ಆಗುತ್ತಿರುವ ಐಪಾಡಿನ ಉಕ್ಕಿನ ಬೆನ್ನನ್ನು ಬೆರಳಿನಿಂದ ಮೆಲ್ಲಗೆ ಸವರಿದರೆ ಜುಮುಜುಮು ಎನ್ನಿಸುವುದು ಇದರಿಂದಲೇ, ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಾಗ ಅದು ಇನ್ನಷ್ಟು ಸ್ಪಷ್ಟ. ಆ ವಿದ್ಯುತ್ತು ಧ್ವನಿಯ ತಂತಿಯ ಮೂಲಕ ಆಂಪ್ಲಿಫೈಯರ್‌ಗೆ, ಅಲ್ಲಿಂದ ಅದರ ಅಡಾಪ್ಟರ್‌ನತ್ತ ಹರಿಯುತ್ತದೆ. ಎರಡನೆಯದಾಗಿ, ಚಾರ್ಜ್ ಮತ್ತು ಲೈನ್ ಔಟ್ ಎರಡೂ ಇರುವ ಡಾಕ್ ತಂತಿಗಳಲ್ಲಿ ಚಾರ್ಜಿಂಗ್ ಕರೆಂಟು ಮತ್ತು ಧ್ವನಿ ಒಂದೇ ಗ್ರೌಂಡ್ ಎಳೆಯನ್ನು ಹಂಚಿಕೊಂಡಿದ್ದರೆ ಚಾರ್ಜರ್‌ನ ಗದ್ದಲ ಧ್ವನಿಗೆ ಬೆರೆಯುತ್ತದೆ. ಯಾವುದೆಂದು ತಿಳಿಯಲು ಆಂಪ್ಲಿಫೈಯರನ್ನು ಅದರ ಬ್ಯಾಟರಿಗಳಿಂದ ನಡೆಸಿ, ಐಪಾಡನ್ನು ಮಾತ್ರ ಚಾರ್ಜ್‌ಗೆ ಹಾಕಿ ನೋಡಿ. ಸದ್ದು ಹೋದರೆ ಮೊದಲನೆಯ ಕಾರಣ, ಹೋಗದಿದ್ದರೆ ಎರಡನೆಯದು. ಎರಡಕ್ಕೂ ಸುಲಭದ ಮದ್ದು ಎಂದರೆ ಚಾರ್ಜ್ ಮುಗಿಸಿಕೊಂಡು ಕೇಳುವುದು.

ಮಲ್ಪೆ ರೇಡಿಯೋ ರಿಪೇರಿ:

ಕರಾವಳಿಯವರಿಗೆ ಮಾತ್ರ ಅನ್ವಯಿಸುವ ಒಂದೆರಡು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಸಮುದ್ರದ ಉಪ್ಪುಗಾಳಿ ಮತ್ತು ತೇವದಿಂದ ಪಿನ್ನುಗಳ ಮೇಲೆ ಕಿಲುಬು ಬೇಗ ಕಟ್ಟುತ್ತದೆ. ಹಿತ್ತಾಳೆ ಪಿನ್ನಿನ ಕಪ್ಪು ಪಟ್ಟಿಗಳ ಪಕ್ಕದಲ್ಲಿ ತೆಳುವಾದ ಹಸಿರು ಗೆರೆ ಕಂಡರೆ ಅದೇ ಕುರುಹು. ಪಿನ್ ತಿರುಗಿಸಿದಾಗ ಕರಕರ ಎನ್ನುವುದು, ಒಂದು ಕಿವಿಯ ಧ್ವನಿ ಬಂದು ಹೋಗುವುದು ಎಲ್ಲ ಇದರಿಂದಲೇ. ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ಹತ್ತಿಗೆ ತಾಗಿಸಿ ಪಿನ್ ಒರೆಸಿ, ಪೂರ್ತಿ ಒಣಗಿದ ಮೇಲೆ ಚುಚ್ಚಿ. ಜಾಕ್‌ನ ಒಳಗೆ ತೆಂಗಿನೆಣ್ಣೆ ಬಿಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಧೂಳು ಅಂಟಿಕೊಂಡು ಇನ್ನೂ ಕೆಡುತ್ತದೆ. ಮಳೆ ಜೋರಾಗಿರುವ ಆಟಿಯ ತಿಂಗಳಲ್ಲಿ ಬಳಸದೆ ಇಡುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ.

ಇನ್ನೊಂದು ಲಕ್ಷಣವನ್ನು ಎಲ್ಲರೂ ತಿಳಿದಿರಬೇಕು. ತಂತಿಯ ಗ್ರೌಂಡ್ ಎಳೆ ಮಾತ್ರ ಕಿತ್ತುಹೋದರೆ ಧ್ವನಿ ಪೂರ್ತಿ ನಿಲ್ಲುವುದಿಲ್ಲ. ಎಡ ಮತ್ತು ಬಲ ಸಂಕೇತಗಳ ವ್ಯತ್ಯಾಸವಷ್ಟೇ ಉಳಿಯುವುದರಿಂದ, ನಡುವಿನಿಂದ ಕೇಳಬೇಕಾದ ಹಾಡುಗಾರರ ಧ್ವನಿ ಮಾಯವಾಗಿ, ಬದಿಯ ವಾದ್ಯಗಳು ಮತ್ತು ಪ್ರತಿಧ್ವನಿ ಮಾತ್ರ ಕೇಳುತ್ತವೆ. ಹಳೆಯ ಯಕ್ಷಗಾನದ ಕ್ಯಾಸೆಟ್ಟುಗಳಲ್ಲಿ ಅನೇಕವು ಮೊನೊ ಮುದ್ರಣ. ಎರಡೂ ಕಡೆ ಒಂದೇ ಸಂಕೇತವಿರುವುದರಿಂದ ಅವುಗಳಲ್ಲಿ ಹೆಚ್ಚುಕಡಿಮೆ ಏನೂ ಕೇಳದು. ಫೈಲು ಹಾಳಾಯಿತೆಂದು ಗಾಬರಿಯಾಗುವ ಮೊದಲು ತಂತಿ ಬದಲಿಸಿ ನೋಡಬೇಕು.

ಕಲ್ಸಂಕದ ಕೇಳುಗ (ಉಡುಪಿ):

ತಮ್ಮೆಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಗೇನ್ 2.5ಕ್ಕೆ ಇಳಿಸಿದ ಮೇಲೆ ಚೆಂಡೆಯ ಏರುಪೆಟ್ಟುಗಳು ಒಡೆಯದೆ, ಚಕ್ರತಾಳದ ಕಣಕಣ ಬೇರೆಯಾಗಿ ಕೇಳುತ್ತಿದೆ. ಆಂಪ್ಲಿಫೈಯರನ್ನು ಬ್ಯಾಟರಿಯಲ್ಲಿ ನಡೆಸಿದಾಗ ಗುಂಯ್ ಸದ್ದು ನಿಂತಿತು, ಆದ್ದರಿಂದ ಕಾರಣ ಸೋರಿಕೆ ವಿದ್ಯುತ್ತೇ ಇರಬೇಕು. ಸದ್ಯ ಹೆಡ್‌ಫೋನ್ ಜಾಕ್‌ನಿಂದಲೇ ಕೇಳುತ್ತಿದ್ದೇನೆ, ಡಾಕ್ ತಂತಿಯನ್ನು ತರಿಸಿಕೊಳ್ಳುತ್ತೇನೆ. ಒಂದು ಕೊನೆಯ ಪ್ರಶ್ನೆ: ಮುಂದೆ 4.4 ಮಿಲಿಮೀಟರಿನ ಬ್ಯಾಲೆನ್ಸ್ಡ್ ಜಾಕ್ ಇರುವ ಹೊಸ ಪ್ಲೇಯರ್ ಕೊಂಡರೆ, ಅದನ್ನು ಅಡಾಪ್ಟರ್ ಹಾಕಿ ಇದೇ ಆಂಪ್ಲಿಫೈಯರ್‌ಗೆ ಜೋಡಿಸಬಹುದೇ?

ಸುರತ್ಕಲ್ ಸರ್ಕ್ಯೂಟ್:

ಸಾಮಾನ್ಯ ಅಡಾಪ್ಟರ್ ಹಾಕಿ ಖಂಡಿತ ಜೋಡಿಸಬೇಡಿ. ಬ್ಯಾಲೆನ್ಸ್ಡ್ ಜಾಕ್‌ನಲ್ಲಿ ಎಡಕ್ಕೂ ಬಲಕ್ಕೂ ಧನ ಮತ್ತು ಋಣ ಎಂದು ಎರಡೆರಡು ಎಳೆಗಳಿದ್ದು, ಋಣ ಎಳೆಗಳನ್ನೂ ಪ್ಲೇಯರ್‌ನ ಆಂಪ್ಲಿಫೈಯರ್‌ಗಳೇ ನಡೆಸುತ್ತಿರುತ್ತವೆ. ಅವು ಗ್ರೌಂಡ್ ಅಲ್ಲ. ತಮ್ಮ ಆಂಪ್ಲಿಫೈಯರ್‌ನ 3.5 ಮಿಲಿಮೀಟರಿನ ಇನ್‌ಪುಟ್‌ಗೆ ಹೊಂದಿಸಲು ಆ ಎರಡು ಎಳೆಗಳನ್ನು ಒಂದಕ್ಕೊಂದು ಸೇರಿಸಿ ಗ್ರೌಂಡ್‌ಗೆ ಕಟ್ಟಿದರೆ ಪ್ಲೇಯರ್‌ನ ಹೊರಹಂತ ಶಾರ್ಟ್ ಆಗಿ ಸುಟ್ಟುಹೋಗುವ ಅಪಾಯವಿದೆ. ಅಂಥ ಪ್ಲೇಯರ್‌ಗಳಲ್ಲಿ ಬಹುತೇಕ 3.5 ಮಿಲಿಮೀಟರಿನ ಜಾಕ್ ಕೂಡ ಇರುತ್ತದೆ, ಕೆಲವದರಲ್ಲಿ ಅದನ್ನೇ ಮೆನುವಿನಿಂದ ಲೈನ್ ಔಟ್ ಆಗಿ ಬದಲಿಸಿಕೊಳ್ಳಬಹುದು. ಅದರಿಂದಲೇ ತಂತಿ ತೆಗೆಯಿರಿ. ಆ ಲೈನ್ ಔಟ್ 2 ವೋಲ್ಟ್ ಕೊಡುವಂಥದ್ದಾದರೆ 2.5 ಪಟ್ಟಿನ ಗೇನ್‌ನಲ್ಲಿ 5 ವೋಲ್ಟ್ ಆಗುತ್ತದೆ. ಅಡಾಪ್ಟರ್‌ನಲ್ಲಿ ನಡೆಸಿದರೆ ತೊಂದರೆ ಇಲ್ಲ, ಬ್ಯಾಟರಿಯಲ್ಲಿ ಮಾತ್ರ ಮಿತಿಯ ಅಂಚಿಗೆ ಬರುತ್ತದೆ. ಆಗ ಪ್ಲೇಯರ್‌ನ ಕಡೆಯಿಂದ ಮಟ್ಟವನ್ನು ತುಸು ಇಳಿಸಿಕೊಳ್ಳಿ.