ಎಮರ್ಜೆನ್ಸಿ ಬಟನ್ ಒತ್ತಿದ್ರ ಮೋಟಾರ್ ನಿಲ್ತೈತಿ, ಅಷ್ಟಕ್ಕ ಟೆಸ್ಟ್ ಆತೇನ್ರಿ?

ಪ್ರಶ್ನೆ (ಜಿನ್ನಿಂಗ್ ಮಿಲ್ ಎಲೆಕ್ಟ್ರಿಷಿಯನ್, ಗದಗ): ನಮಸ್ಕಾರ್ರಿ ಸರ್. ನಮ್ಮ ಮಿಲ್ಲಿನಾಗ ಹತ್ತಿ ಸಾಗಿಸೋ ಕನ್ವೇಯರ್‌ಗೂ ಬ್ಲೋವರ್‌ಗೂ ಹೊಸಾ ಡ್ರೈವ್ (ಮೋಟಾರಿನ ವೇಗ ಹಿಡಿತದಾಗ ಇಡೋ ಪೆಟ್ಟಿಗಿ) ಹಾಕ್ಯಾರ. ಎಮರ್ಜೆನ್ಸಿ ಬಟನ್ನಿನ ವೈರ್ ಡ್ರೈವಿನ ಎಸ್‌ಟಿಒ (ಸೇಫ್ ಟಾರ್ಕ್ ಆಫ್, ಅಂದ್ರ ಮೋಟಾರಿನ ಎಳೆತ ತೆಗೆಯೋ ಸೇಫ್ಟಿ ಸೌಲಭ್ಯ) ಟರ್ಮಿನಲ್‌ಗೆ ಕೊಟ್ಟಾರ. ಅದನ್ನ ಆಗಾಗ ಟೆಸ್ಟ್ ಮಾಡ್ರಿ ಅಂತ ಮ್ಯಾನ್ಯುಯಲ್‌ನಾಗ ಐತಿ. ನಾನು ಬಟನ್ ಒತ್ತಿ ನೋಡ್ತೀನಿ, ಮೋಟಾರ್ ನಿಲ್ತೈತಿ. ಇಷ್ಟ ಸಾಕೇನ್ರಿ? ಎಷ್ಟು ದಿನಕ್ಕೊಮ್ಮೆ ಮಾಡಬೇಕು? ಸೀಸನ್‌ನಾಗ ಮಿಲ್ ನಿಲ್ಸಾಕ ಮಾಲಕರು ಒಪ್ಪಂಗಿಲ್ಲ.

ಉತ್ತರ (ಡ್ರೈವ್ ಸರ್ವಿಸ್ ಎಂಜಿನಿಯರ್, ಹುಬ್ಬಳ್ಳಿ): ಸಾಕಾಗಂಗಿಲ್ರಿ. ಯಾಕಂದ್ರ ಎಸ್‌ಟಿಒಗೆ ಸಾಮಾನ್ಯವಾಗಿ ಎರಡು ಚಾನಲ್, ಅಂದ್ರ ಬ್ಯಾರೆ ಬ್ಯಾರೆ ಎರಡು ಸಿಗ್ನಲ್ ದಾರಿ ಇರ್ತಾವ. ಎರಡರಾಗ ಯಾವುದು ಬಿಟ್ಟುಕೊಂಡ್ರೂ ಐಜಿಬಿಟಿಗೆ (ಮೋಟಾರಿಗೆ ಕರೆಂಟ್ ಬಿಡೋ ಎಲೆಕ್ಟ್ರಾನಿಕ್ ಸ್ವಿಚ್) ಹೋಗೋ ಪಲ್ಸ್ ನಿಂತು ಮೋಟಾರಿನ ಎಳೆತ ಹೋಗಬೇಕು. ಈಗ ಒಂದು ಚಾನಲ್ ಕೆಟ್ಟೈತಿ ಅಂತ ತಿಳ್ಕೊಳ್ರಿ: ಫ್ಯಾಕ್ಟರಿಯಿಂದ ಬಂದ ಜಂಪರ್ (ಎರಡು ಟರ್ಮಿನಲ್ ಕೂಡಿಸೋ ತುಂಡು ವೈರ್) ಹಂಗ ಉಳದೈತಿ, ಇಲ್ಲಾ ಕೇಬಲ್ ಒಳಗ ವೈರ್ ಕೂಡಿ 24 ವೋಲ್ಟ್ ಕಾಯಂ ಬರಾಕತ್ತೈತಿ. ನೀವು ಬಟನ್ ಒತ್ತಿದ್ರ ಇನ್ನೊಂದು ಚಾನಲ್ ಮೋಟಾರ್ ನಿಲ್ಲಸ್ತೈತಿ. ಎಲ್ಲಾ ಸರಿ ಐತಿ ಅನಸ್ತೈತಿ. ಆ ಎರಡನೇದೂ ಕೆಟ್ಟ ದಿನ ಬೆಲ್ಟಿನಾಗ ಯಾರದೋ ಕೈ ಸಿಕ್ಕಿರ್ತೈತಿ, ಬಟನ್ ಒತ್ತಿದ್ರೂ ನಿಲ್ಲಂಗಿಲ್ಲ. ಹಂಗಾಗಿ ಒಂದೊಂದು ಚಾನಲ್ ಬ್ಯಾರೆ ಬ್ಯಾರೆ ತೆರೆದು ನೋಡಬೇಕ್ರಿ. ಟೆಸ್ಟಿನ ಜೀವ ಇರೋದ ಇಲ್ಲಿ.

ನಾನು ಪ್ಯಾನಲ್‌ನಾಗ ಎರಡೂ ಚಾನಲ್‌ಗೆ ಡಿಸ್‌ಕನೆಕ್ಟ್ ಟರ್ಮಿನಲ್ ಹಾಕಸ್ತೀನಿ, ಸ್ಕ್ರೂ ಬಿಚ್ಚೋ ಕೆಲಸಾನೇ ಬ್ಯಾಡ. ಬೆಲ್ಟ್ ಹತ್ರ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಮೋಟಾರ್ ಕಡಿಮಿ ಸ್ಪೀಡಿನಾಗ ಓಡಸಿ, ಮೊದಲನೇ ಚಾನಲ್ ತೆರೀರಿ. ಎಳೆತ ಹೋಗಬೇಕು, ಡಿಸ್‌ಪ್ಲೇ ಮ್ಯಾಲ ಎಸ್‌ಟಿಒ ಅಥವಾ ಚಾನಲ್ ಫಾಲ್ಟ್ ಬರಬೇಕು. ಆ ಸ್ಥಿತಿಯೊಳಗ ಸ್ಟಾರ್ಟ್ ಕೊಡ್ರಿ, ಅಲುಗಾಡಬಾರದು. ಆಮ್ಯಾಲ ಚಾನಲ್ ಜೋಡಸಿ ರಿಸೆಟ್ ಮಾಡ್ರಿ. ಕೆಲವು ಡ್ರೈವಿಗೆ ಪವರ್ ಒಮ್ಮೆ ತೆಗೆದು ಹಾಕಬೇಕಾಗ್ತೈತಿ. ಎರಡನೇ ಚಾನಲ್‌ಗೂ ಇದನ್ನ ಮಾಡ್ರಿ. ಕಡೀಗೆ ಬಟನ್ ಒತ್ತಿ ಎರಡೂ ಕೂಡಿ ನೋಡ್ರಿ. ಬಟನ್ ತಿರುವಿ ಬಿಟ್ಟ ಕೂಡಲೇ ಮೋಟಾರ್ ತಾನ ಓಡಾಕ ಶುರು ಆದ್ರ ಅದು ದೊಡ್ಡ ದೋಷ. ಹೊಸದಾಗಿ ಸ್ಟಾರ್ಟ್ ಕೊಟ್ಟ ಮ್ಯಾಲೇ ಓಡಬೇಕು. ಕ್ರಮದಾಗ ನಿಮ್ಮ ಡ್ರೈವಿನ ಮ್ಯಾನ್ಯುಯಲ್ ಬ್ಯಾರೆ ಹೇಳಿದ್ರ ಅದನ್ನ ನಡಸ್ರಿ.

ಲೈನಿನಾಗಿರೋ ಪ್ರತಿಯೊಂದು ಬಟನ್ನೂ ಒತ್ತಬೇಕು, ಪ್ಯಾನಲ್ ಬಾಗಲಾದ್ದು ಒಂದ ಅಲ್ಲ. ಬಟನ್ ಹಿಂದಿನ ಕಾಂಟ್ಯಾಕ್ಟ್ ಬ್ಲಾಕ್ ಕಳಚಿ ಜಾರಿದ್ರ, ಮುಂದ ಕೆಂಪು ಗುಂಡಿ ಒಳಗ ಹೋಗ್ತೈತಿ, ಹಿಂದ ಕಾಂಟ್ಯಾಕ್ಟ್ ಮುಚ್ಚಿಕೊಂಡ ಇರ್ತೈತಿ. ಜಿನ್ನಿಂಗ್ ಮಿಲ್ಲಿನಾಗ ಹತ್ತಿ ಎಳಿ, ಧೂಳು ಸೇರಿ ಗುಂಡಿ ಬಿಗಿಯಾಗೋದೂ ಐತಿ.

ಎಷ್ಟು ದಿನಕ್ಕೊಮ್ಮೆ ಅನ್ನೋ ಮಾತು: ಪಿಎಲ್, ಸಿಲ್ ಅಂದ್ರ ಸೇಫ್ಟಿ ಸರ್ಕ್ಯೂಟನ್ನ ಎಷ್ಟು ನಂಬಬಹುದು ಅನ್ನೋ ದರ್ಜೆ, ಕೆಟಗರಿ ಅಂದ್ರ ಅದರ ಜೋಡಣೆಯ ಬಗೆ. ಸೇಫ್ಟಿ ಲೆಕ್ಕದಾಗ ನಿಮ್ಮ ಸರ್ಕ್ಯೂಟ್ ಪಿಎಲ್ ಇ ಅಥವಾ ಸಿಲ್ 3 ಆಗಿದ್ರ ತಿಂಗಳಿಗೊಮ್ಮೆ, ಪಿಎಲ್ ಡಿ ಕೆಟಗರಿ 3 ಅಥವಾ ಸಿಲ್ 2 ಆಗಿದ್ರ 12 ತಿಂಗಳಿಗೊಮ್ಮೆಯಾದ್ರೂ ಅನ್ನೋದು ಕಾಂಟ್ಯಾಕ್ಟ್ ಇರೋ ಸರ್ಕ್ಯೂಟಿಗೆ ರೂಢಿಯಾದ ನಿಯಮ. ಮ್ಯಾನ್ಯುಯಲ್‌ನಾಗ ಇನ್ನೂ ಕಡಿಮಿ ಇದ್ರ ಅದ ಲೆಕ್ಕಕ್ಕ. ವರ್ಷದ ಟೆಸ್ಟಿಗೆ ಆಯುಧ ಪೂಜೆಗಿಂತ ಮೊದಲಿನ ಸ್ವಚ್ಛ ಮಾಡೋ ದಿನ ಹಿಡೀರಿ. ಆ ದಿನ ಮಿಲ್ ಹೆಂಗೂ ನಿಂತಿರ್ತೈತಿ, ಸೀಸನ್ ಶುರು ಆಗೋದೂ ಆಮ್ಯಾಲ. ಮಾಲಕರು ಬ್ಯಾಡ ಅನ್ನಾಕ ಕಾರಣ ಇರಂಗಿಲ್ಲ.

ಪ್ರಶ್ನೆ (ಬೇಲೂರು ಇಂಡಸ್ಟ್ರಿಯಲ್ ಏರಿಯಾ, ಧಾರವಾಡ): ಎಸ್‌ಟಿಒ ಹಾಕಿ ಇಟ್ಟು ಬೆಲ್ಟಿನಾಗ ಸಿಕ್ಕಿದ್ದನ್ನ ತೆಗೀಬಹುದೇನ್ರಿ? ಹುಡುಗರು ಹಂಗ ಮಾಡ್ತಾರ.

ಉತ್ತರ: ಮಾಡಬ್ಯಾಡ್ರಿ, ಹುಡುಗರಿಗೆ ಇವತ್ತ ಹೇಳ್ರಿ. ಎಸ್‌ಟಿಒ ಪವರ್ ಕಡಿಯಂಗಿಲ್ಲ. ಮೋಟಾರ್ ಟರ್ಮಿನಲ್ ಮ್ಯಾಲ ವೋಲ್ಟೇಜ್ ಇರಬಹುದು. ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್ ಆಗಿದ್ರ, ಎರಡು ಐಜಿಬಿಟಿ ಕೂಡೇ ಶಾರ್ಟ್ ಆದಾಗ ಶಾಫ್ಟ್ ಒಮ್ಮೆ ಜಗ್ಗಬಹುದು, 4 ಪೋಲ್ ಮೋಟಾರಿನಾಗ 90 ಡಿಗ್ರಿ ತನಕ. ಐಸೊಲೇಟರ್ (ಪವರ್ ಪೂರಾ ಕಡಿಯೋ ಸ್ವಿಚ್) ಆಫ್ ಮಾಡಿ, ಬೀಗ ಹಾಕಿ, ಕೀಲಿಕೈ ಕೆಲಸ ಮಾಡೋನ ಕಿಸೆದಾಗ ಇರಲಿ. ಡ್ರೈವ್ ಒಳಗ ಕೈ ಹಾಕೋದಿದ್ರ ಅದರ ಮೈಮ್ಯಾಲ ಬರೆದಷ್ಟು ನಿಮಿಷ ಕಾದು, ಡಿಸಿ ಬಸ್ (ಡ್ರೈವ್ ಒಳಗ ಚಾರ್ಜ್ ಉಳಿಯೋ ಭಾಗ) ವೋಲ್ಟೇಜ್ ಮೀಟರ್ ಹಚ್ಚಿ ನೋಡ್ರಿ.

ಪ್ರಶ್ನೆ (ಗದಗ): ಇನ್ನೊಂದ್ರಿ ಸರ್. ಬ್ಲೋವರ್ ಬಟನ್ ಒತ್ತಿದ ಮ್ಯಾಲೂ ಭಾಳ ಹೊತ್ತು ತಿರುಗತೈತಿ. ಎಸ್‌ಟಿಒ ಕೆಟ್ಟಂಗೇನು?

ಉತ್ತರ: ಇಲ್ರಿ, ಅದು ತೂಕದ ಫ್ಯಾನ್. ಎಸ್‌ಟಿಒ ಬ್ರೇಕ್ ಹಾಕಂಗಿಲ್ಲ, ಎಳೆತ ಬಿಟ್ಟುಕೊಡ್ತೈತಿ ಅಷ್ಟ. ಗಾಲಿ ನಿಲ್ಲೋದ್ರೊಳಗ ಜನ ಅಲ್ಲಿಗೆ ಮುಟ್ಟೋ ಹಂಗಿದ್ರ ಡ್ರೈವಿನಾಗ ಎಸ್‌ಎಸ್1 (ಸೇಫ್ ಸ್ಟಾಪ್ 1) ಕೇಳ್ರಿ: ಮೊದಲು ವೇಗ ಇಳಿಸಿ, ಆಮ್ಯಾಲ ಎಸ್‌ಟಿಒ ಹಾಕ್ತೈತಿ. ಅಲ್ಲಿತನಕ ಗಾರ್ಡ್ ಬಿಚ್ಚೋಕಿಂತ ಮೊದಲು ಫ್ಯಾನ್ ಪೂರಾ ನಿಂತದ್ದನ್ನ ಕಣ್ಣಿಲೆ ನೋಡ್ರಿ. ಇದೇ ಕಾರಣಕ್ಕ ಹಾಯಿಸ್ಟಿಗೂ (ಭಾರ ಎತ್ತೋ ಯಂತ್ರ) ಬರೇ ಎಸ್‌ಟಿಒ ಸಾಲದು, ಭಾರ ಹಿಡಿಯಾಕ ಮೆಕ್ಯಾನಿಕಲ್ ಬ್ರೇಕ್ ಬೇಕ ಬೇಕು.

ಮತ್ತ ಟೆಸ್ಟ್ ಮಾಡಿದ್ದನ್ನ ಒಂದು ರಿಜಿಸ್ಟರಿನಾಗ ಬರೀರಿ: ತಾರೀಖು, ಯಾವ ಡ್ರೈವ್, ಯಾವ ಚಾನಲ್, ಏನು ಫಾಲ್ಟ್ ಬಂತು, ಪೂರಾ ನಿಲ್ಲಾಕ ಎಷ್ಟು ಸೆಕೆಂಡ್, ಯಾರು ಮಾಡಿದ್ರು. ಡ್ರೈವ್ ಬದಲಿಸಿದ್ರ, ವೈರಿಂಗ್ ಮುಟ್ಟಿದ್ರ, ಪ್ಯಾರಾಮೀಟರ್ ತಿದ್ದಿದ್ರ, ತಾರೀಖು ಬರೋತನಕ ಕಾಯಬ್ಯಾಡ್ರಿ, ಅವತ್ತ ಹೊಳ್ಳಿ ಟೆಸ್ಟ್ ಮಾಡ್ರಿ.