ಅಪ್‌ಡೇಟ್: ಹಳೆಯ ಬೇಸ್ ಡ್ರಮ್ ಕೊನೆಗೂ ಹಿಡಿತಕ್ಕೆ ಬಂತು

1960ರ ದಶಕದ ನನ್ನ 22 ಇಂಚಿನ ಲುಡ್ವಿಗ್ ಕಂಪನಿಯ ಬೇಸ್ ಡ್ರಮ್ (ಡ್ರಮ್ ಸೆಟ್‌ನಲ್ಲಿ ಕಾಲಿನ ಪೆಡಲ್‌ನಿಂದ ಬಾರಿಸುವ ದೊಡ್ಡ ಡ್ರಮ್) ಒಂದು ಸಲ ಬಡಿದರೆ ಗುಂಯ್ ಅನ್ನೋದು ನಿಲ್ಲೋದೇ ಇಲ್ಲ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಮೊದಲು ಒಳಗೆ ದಿಂಬು ತುರುಕಿದೆ. ರಟ್ಟಿನ ಡಬ್ಬ ಬಡಿದ ಹಾಗಾಯ್ತು! ತೆಗೆದೆ. ಆಮೇಲೆ ಮೂರು ಇಂಚು ಅಗಲದ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಪಟ್ಟಿ. ಬೀಟರ್ (ಪೆಡಲ್‌ನ ಬಡಿಗೆ) ಬಡಿಯುವ ಹೆಡ್‌ನ (ಡ್ರಮ್‌ನ ಬಾಯಿಗೆ ಬಿಗಿದ ಹೊದಿಕೆ) ಒಳಮೈಗೆ, ನಡುವಿನಿಂದ ಸ್ವಲ್ಪ ಪಕ್ಕಕ್ಕೆ, ಮೇಲಿಂದ ಕೆಳಗೆ ಎಳೆದು ಹಿಡಿದು ಹೂಪ್ (ಹೆಡ್ ಹಿಡಿದಿಡುವ ಬಳೆ) ಬಿಗಿ ಮಾಡಿದೆ. ಪಟ್ಟಿ ಸಡಿಲವಿದ್ದರೆ ಜುರ್ರ್ ಅನ್ನುತ್ತೆ; ಎರಡು ಸಲ ಬಿಚ್ಚಿ ಕಟ್ಟಿದೆ.

ಗುಂಯ್ ತಗ್ಗಿಸೋಕೆ ಎದುರು ಬದಿಯ ಹೆಡ್‌ಗೆ ತೂತು ಮಾಡಲು ಮನಸ್ಸೇ ಬರಲಿಲ್ಲ. ಅದನ್ನು ತುಸು ಜಾಸ್ತಿ ಬಿಗಿ ಮಾಡಿದ್ದೇನೆ, ಅಷ್ಟೇ. ಈಗ ಧುಮ್ ಅಂತ ದುಂಡಗೆ ಬರುತ್ತೆ, ಬಾಲ, ಅಂದರೆ ಆಮೇಲೆ ಉಳಿಯುವ ಗುಂಯ್, ಗಿಡ್ಡ.